ಹಗೇವಿಗೆ ಇಳಿದವನು

ಸೋಮಮ್ಮ ಗಂಡನ ತಲೆಗೂದಲಿನಿಂದ ರಾಗಿ ಕಾಳು ಆರಿಸುತ್ತಿದ್ದಳು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಹೆಂಗಸರು ಚೊಂಬು ಹಿಡಿದು ಕಾಯುತ್ತಿದ್ದರು. ಅವಳು ಮಾತ್ರ ಏಳುವಂತೆ ಕಾಣಲಿಲ್ಲ. ಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಮಾದಣ್ಣನ ತಲೆಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಒಂದೊಂದೇ ಕಾಳು ತೆಗೆದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಕಿವಿಯ ಸಂದಿಯಲ್ಲಿ, ಹುಬ್ಬಿನಲ್ಲಿ, ಮೀಸೆಯಲ್ಲಿ ಕೂಡ ರಾಗಿ ಇತ್ತು.

"ನೀರು ಉಯ್ದ್ರೆ ಎಲ್ಲಾ ಓಯ್ತದೆ ಬುಡು ಸೋಮಕ್ಕ," ಎಂದಳು ಪಕ್ಕದ ಮನೆಯ ಚಾಮುಂಡಿ.

"ಪಟೇಲ್ರ ರಾಗಿ ಕಣಮ್ಮಿ. ಅವ್ರದ್ನ ಅವ್ರಿಗೆ ಕೊಡ್ಬೇಕಲ್ಲ. ಇವ್ನು ಯಾರ್ದೂ ಮಡಿಕಂಡೋನಲ್ಲ."

ಹಾಗೆಂದವಳು ಇದ್ದಕ್ಕಿದ್ದಂತೆ ಆ ತಲೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ದೀಪ ಇಳಿಸಿ ನೋಡಕೆ ಏನ್ ದಾಡಿ ಬಂದಿತ್ತು ನಿಂಗೆ? ಊರ್ಗೆಲ್ಲ ಬುದ್ಧಿ ಯೋಳ್ತಿದ್ದೆಯಲ್ಲ! ನಂಗೆ ಮಾತು ಕೊಟ್ಟಿದ್ದೆಯಲ್ಲ!"

ಅಂಗಳದ ಇನ್ನೊಂದು ಕಡೆ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಮಹದೇವಪ್ಪನ ಕೈ ನಿಂತುಹೋಯಿತು. ಇಪ್ಪತ್ತು ವರ್ಷ ಮಾದಣ್ಣ ರಾಗಿಯ ಹಗೇವಿಗೆ ಇಳಿದಾಗಲೆಲ್ಲ ಮೇಲೆ ನಿಂತು ಹಗ್ಗ ಹಿಡಿದವನು ಅವನು. ಮಾದಣ್ಣ ದೀಪ ಇಳಿಸಿದ್ದ. ಇಳಿಸಿದ್ದನ್ನು ಮಹದೇವಪ್ಪ ಎರಡು ಕಣ್ಣಿಂದ ಕಂಡಿದ್ದ. ಆದರೂ ನಿನ್ನೆ ಸಂಜೆ ಗುಂಡ್ಲುಪೇಟೆಯಿಂದ ಬಂದ ಪೊಲೀಸ್ ದಫೇದಾರರು, "ದೀಪ ಬಿಟ್ಟು ನೋಡದೆ ಇಳಿದನೇನಯ್ಯ?" ಎಂದು ಕೇಳಿದಾಗ, ಪಟೇಲ್ ಮರಿಮಲ್ಲಪ್ಪನವರು "ಆತುರದಲ್ಲಿ ಇಳಿದುಬಿಟ್ಟ, ಪಾಪ" ಎಂದು ಅವನ ಮುಖ ನೋಡಿದ್ದರು. ಮಹದೇವಪ್ಪ "ಹೂ" ಎಂದಿದ್ದ. ಒಂದೇ ಒಂದು ಹೂ. ಅದನ್ನು ಬರೆದುಕೊಂಡು ದಫೇದಾರರು ಹೋದರು. ತಪ್ಪನ್ನು ಸತ್ತವನ ತಲೆಗೇ ಕಟ್ಟಿದರೆ ಬದುಕಿದವರು ನೆಮ್ಮದಿಯಾಗಿರಬಹುದು ಎಂಬುದು ಊರಿನ ಲೆಕ್ಕ.

ಇನ್ನು ಸಂಜೆಯೊಳಗೆ ಮಣ್ಣು ಮಾಡುತ್ತಾರೆ. ಈ ಹೆಂಗಸು ಗಂಡನನ್ನು ಬೈಯುತ್ತಲೇ ಕಳಿಸಿಕೊಡುತ್ತಾಳೆ. ಹೇಳುವುದಿದ್ದರೆ ಅಷ್ಟರೊಳಗೆ ಹೇಳಬೇಕು. ಮಹದೇವಪ್ಪ ಹುರಿಯ ಗಂಟನ್ನು ಬಿಗಿದ, ಬಿಚ್ಚಿದ, ಮತ್ತೆ ಬಿಗಿದ.

*

ಆ ಸೀಮೆಯಲ್ಲಿ ರಾಗಿಯನ್ನು ಇಡುವುದು ಹಗೇವಿನಲ್ಲಿ. ನೆಲದೊಳಗೆ ಎರಡಾಳುದ್ದ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಹತ್ತು ವರ್ಷವಾದರೂ ಕಾಳಿಗೆ ಹುಳ ಬೀಳುವುದಿಲ್ಲ. ಹುಳ ಬದುಕದ ಜಾಗದಲ್ಲಿ ಮನುಷ್ಯನೂ ಬದುಕುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆದರೂ ವರ್ಷಕ್ಕೊಬ್ಬ ಚಪ್ಪಡಿ ತೆಗೆದ ದಿನವೇ ಇಳಿಯುತ್ತಿದ್ದ, ಒಳಗಿನ ಕೆಟ್ಟ ಗಾಳಿಗೆ ಸದ್ದಿಲ್ಲದೆ ಬೀಳುತ್ತಿದ್ದ. ಆಗ ಮಾದಣ್ಣನನ್ನು ಕರೆಯಲು ಜನ ಓಡುತ್ತಿದ್ದರು.

ಗುಂಡ್ಲುಪೇಟೆಯಿಂದ ಚಾಮರಾಜನಗರದ ತನಕ ಅವನು ಇಳಿಯದ ಹಗೇವಿಲ್ಲ. ಹನ್ನೊಂದು ಜನರನ್ನು ಎತ್ತಿದ್ದ, ಅದರಲ್ಲಿ ಏಳು ಜನ ಬದುಕಿದ್ದರು. ಅವನ ಕಟ್ಟುಪಾಡು ಎರಡೇ. ಮೊದಲನೆಯದು, ದೀಪ. ಬುಡ್ಡಿಗೆ ದಾರ ಕಟ್ಟಿ ಇಳಿಸಬೇಕು, ಆರಿದರೆ ಗಾಳಿ ಕೆಟ್ಟಿದೆ ಎಂದು ಅರ್ಥ. ಮೂರು ದಿನದಿಂದ ಬಾಯಿ ತೆರೆದಿದ್ದ ಹಗೇವಿಗೂ ಅವನು ದೀಪ ಇಳಿಸದೆ ಬಿಡುತ್ತಿರಲಿಲ್ಲ. "ಮಾದಣ್ಣ ಮುದ್ದೆ ಮಡಕೇಗೂ ದೀಪ ಬುಟ್ಟು ನೋಡೇ ಕೈ ಆಕೋದು" ಎಂದು ಊರು ನಗುತ್ತಿತ್ತು. ಅವನೂ ನಗುತ್ತಿದ್ದ.

ಎರಡನೆಯದು, ಎರಡು ಹಗ್ಗ. ಅದಕ್ಕೆ ಕಾರಣ ಊರಿನ ಒಂದು ಪದ್ಧತಿ. ಹಗೇವಿಗೆ ಬಿದ್ದವನು ಭೂಮಿತಾಯಿ ನುಂಗಿ ಉಗುಳಿದವನು. ಅವನ ಸೊಂಟದ ಹಗ್ಗವನ್ನು ಅಲ್ಲೇ ಬಿಚ್ಚಿದರೆ ತಾಯಿ ಮತ್ತೆ ಕೇಳುತ್ತಾಳಂತೆ. ಹಾಗಾಗಿ ಹಗ್ಗದ ಸಮೇತ ಬಸವಣ್ಣನ ಗುಡಿಗೆ ಹೊತ್ತುಕೊಂಡು ಹೋಗಿ, ಕಾಯಿ ಒಡೆದು, ಆಮೇಲೆ ಗಂಟು ಬಿಚ್ಚಬೇಕು. ಯಾರು ಯಾವಾಗ ಮಾಡಿದ ಪದ್ಧತಿಯೋ, ಮಾಡಿದವನು ಹಗೇವಿನೊಳಗೆ ಇನ್ನೊಬ್ಬ ಉಳಿದಿರುತ್ತಾನೆ ಎಂದು ಯೋಚಿಸಿರಲಿಲ್ಲ. ಮಾದಣ್ಣ ವಾದ ಮಾಡಲು ಹೋಗಲಿಲ್ಲ. ಬಿದ್ದವನಿಗೊಂದು, ತನಗೊಂದು ಅಂತ ಎರಡು ಹಗ್ಗ ಇಟ್ಟುಕೊಂಡ. ಅವನ್ನು ಎಣ್ಣೆ ಸವರಿ ಜೋಪಾನ ಮಾಡುವ ಕೆಲಸ ಮಹದೇವಪ್ಪನದು.

ಜೀವ ಉಳಿಸಿದವನ ಮೈ ಹೇಗಿತ್ತೆಂದು ಕೇಳಿದವರು ಕಡಿಮೆ. ಪ್ರತಿ ಸಲ ಇಳಿದು ಬಂದ ಮೇಲೂ ಎರಡು ದಿನ ಅವನು ತಲೆಗೆ ಬಟ್ಟೆ ಬಿಗಿದುಕೊಂಡು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದ. ಎರಡು ವರ್ಷದ ಹಿಂದೆ, ಬದನಗುಪ್ಪೆಯಲ್ಲಿ ಒಬ್ಬನನ್ನು ಎತ್ತಿ ಬಂದವನಿಗೆ ವಾರವಾದರೂ ಏದುಸಿರು ನಿಲ್ಲಲಿಲ್ಲ. ಸೋಮಮ್ಮ ಅವನನ್ನು ಚಾಮರಾಜನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ನಿನ್ನ ಎದೆ ಸೋತಿದೆಯಪ್ಪ. ಇನ್ನು ಇಳಿಯಬೇಡ. ಮೇಲೆ ನಿಂತು ಬೇರೆಯವರಿಗೆ ಹೇಳಿಕೊಡು," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಸೋಮಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ಕುಳಿತಿದ್ದಳು. "ಇಳಿಯಕಿಲ್ಲ ಅನ್ನು," ಎಂದಳು.

"ಎಂಗ್ ಅನ್ಲಿ? ಕರ್ಯಕೆ ಬಂದೋರ ಮುಂದೆ ಎಲೆ ಅಡ್ಕೆ ಇಟ್ಟು ಕೂರ್ಸನೆ?"

"ನಂಗೆ ಯಾರವ್ರೆ? ಮಕ್ಳ, ಮರಿಯ?"

"ದೀಪ ಇಳಿಸ್ದೆ ಇಳಿಯಕಿಲ್ಲ. ಅಷ್ಟು ಮಾತು ಕೊಡ್ತೀನಿ. ಅದ್ಕಿಂತ ಜಾಸ್ತಿ ನನ್ ಕೈಲಾಗಕಿಲ್ಲ ಕಣೆ," ಎಂದ ಮಾದಣ್ಣ. ಸೋಮಮ್ಮ ಅಷ್ಟಕ್ಕೇ ಒಪ್ಪಿಕೊಂಡಳು.

*

ಮೈ ತೊಳೆದು, ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ ಕೂರಿಸಿದ ಮೇಲೆ ಜನ ಒಬ್ಬೊಬ್ಬರಾಗಿ ಬಂದರು. ಕುದೇರು, ಬದನಗುಪ್ಪೆ, ಗುಂಡ್ಲುಪೇಟೆಯ ಪೇಟೆಬೀದಿಯಿಂದ ಕೂಡ ಬಂದರು. ಅವನು ಎತ್ತಿ ಉಳಿಸಿದ ಏಳು ಜನರಲ್ಲಿ ನಾಲ್ವರು ಬಂದು ಕಾಲು ಮುಟ್ಟಿ ಅತ್ತರು. ಎಲ್ಲರ ಬಾಯಲ್ಲೂ ಒಂದೇ ಮಾತು.

"ಅಂತೋನೇ ದೀಪ ಮರ್ತ ಅಂದ್ರೆ!"

"ವಿಧಿ ಕಣ್ಲಾ. ಕಾಲ ಬಂದಾಗ ಬುದ್ಧಿ ಕೆಟ್ಟೋಯ್ತದೆ."

ಪಟೇಲ್ ಮರಿಮಲ್ಲಪ್ಪನವರು ಬಂದು ಜಗಲಿಯ ಮೇಲೆ ಕುಳಿತರು. ಅವರ ಕಣ್ಣು ಕೆಂಪಾಗಿತ್ತು. ಅವರು ಕೆಟ್ಟವರೇನಲ್ಲ, ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಹಗೇವು ಅವರದು, ಬಿದ್ದವನು ಅವರ ಅಳಿಯ ನೀಲಕಂಠಸ್ವಾಮಿ. ಅವನು ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಬೆಳಗ್ಗೆ ಗಂಜಿ ಕುಡಿದನಂತೆ.

"ಸೋಮವ್ವ, ನಿನ್ನ ನಾನು ಕೈ ಬುಡಕಿಲ್ಲ. ನನ್ ಮನೇಲಿ ಉರಿಯೋ ದೀಪ ನಿನ್ ಗಂಡ ಅಚ್ಚಿಟ್ಟದ್ದು," ಎಂದರು.

"ತಾನು ಒಂದ್ ದೀಪ ಇಳಿಸ್ನಿಲ್ವಲ್ಲ ಬುದ್ಧಿ," ಎಂದಳು ಸೋಮಮ್ಮ.

ಪಟೇಲರು ತಲೆ ತಗ್ಗಿಸಿ ಮೇಲುವಸ್ತ್ರದಿಂದ ಮುಖ ಒರೆಸಿಕೊಂಡರು. ಮಹದೇವಪ್ಪ ಎದ್ದು ಹಿತ್ತಲಿಗೆ ಹೋದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅವನಿಗೆ ಕೆಟ್ಟ ಮೇಲೂ ಬಾಯಿ ಬರಲಿಲ್ಲ.

*

ನಿನ್ನೆ ಬೆಳಗ್ಗೆ ಪಟೇಲರ ಹಗೇವಿನ ಚಪ್ಪಡಿ ತೆಗೆಸಿದ್ದು ಮಾದಣ್ಣನೇ. "ನಾಳೆ ಬೆಳಿಗ್ಗೆ ತಂಕ ಯಾರೂ ಇಳೀಬ್ಯಾಡಿ" ಎಂದು ಹೇಳಿ ಮನೆಗೆ ಹೋಗಿದ್ದ. ನೀಲಕಂಠಸ್ವಾಮಿಗೆ ಗುಂಡ್ಲುಪೇಟೆಯ ಸಾಹುಕಾರನಿಗೆ ಒಂದು ಹಿಡಿ ರಾಗಿ ತೋರಿಸುವ ಅವಸರ. "ನಮ್ಮ ಕುದೇರಲ್ಲೂ ಹಗೇವು ಅವೆ" ಎಂದು ಬುಟ್ಟಿ ಹಿಡಿದು ಇಳಿದ. ಬುಟ್ಟಿ ಉರುಳಿದ ಸದ್ದು ಬಂತು, ಮನುಷ್ಯನ ಸದ್ದು ಬರಲಿಲ್ಲ.

ಮಾದಣ್ಣ ಊಟದ ನಡುವೆ ಎದ್ದು ಬಂದ. ಕೈಯಲ್ಲಿ ಇನ್ನೂ ಮುದ್ದೆ ಅಂಟಿತ್ತು. ಬಂದವನೇ ಬುಡ್ಡಿ ಇಳಿಸಿದ. ಒಂದಾಳುದ್ದ ಇಳಿಯುವ ಮೊದಲೇ ಅದು ಆರಿಹೋಯಿತು. ಎಳೆದು, ಹಚ್ಚಿ, ಮತ್ತೆ ಇಳಿಸಿದ. ಮತ್ತೆ ಆರಿತು. ಪಟೇಲರ ಮಗಳು ಎದೆ ಬಡಿದುಕೊಳ್ಳುತ್ತಿದ್ದಳು.

"ಇನ್ನೊಂದು ಅಗ್ಗ ಎಲ್ಲಿ?" ಎಂದ ಮಾದಣ್ಣ.

ಮಹದೇವಪ್ಪ ಕೈಯಲ್ಲಿದ್ದ ಹಗ್ಗವನ್ನು ಮುಂದೆ ಚಾಚಿದ. "ಗಾಡಿ ಕಟ್ಟಕೆ ಕೊಟ್ಬುಟ್ಟೆ ಅಣ್ಣ. ಪಟೇಲ್ರ ಅರಿಶ್ನದ ಗಾಡಿ. ಚಾಮ್ರಾಜ್ನಗರಕ್ಕೆ ಓಗ್ಯದೆ."

ಮಾದಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇದ್ದ ಒಂದು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾ ಮಹದೇವಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದ: "ಕೇಳ್ಸಕೊ. ಕೆಳಗೆ ಬಿಚ್ಚಿ ಅವ್ನಿಗೆ ಕಟ್ತೀನಿ. ಎರಡು ಸಲ ಜಗ್ಗುದ್ರೆ ಎಳೀರಿ. ಅವ್ನು ಮೇಲೆ ಬಂದ ತಕ್ಷಣ ಗಂಟು ಅಲ್ಲೇ ಬಿಚ್ಬುಡು, ಗುಡಿ ತಂಕ ಕಾಯ್ಬ್ಯಾಡ. ಅಗ್ಗ ನಂಗೆ ಇಳಿಸ್ಬುಡು. ನಂಗಿರೋದು ಒಂದ್ ಉಸ್ರು. ಬಸವಣ್ಣ ಏನೂ ಅನ್ಕಳಕಿಲ್ಲ."

"ಆಯ್ತು ಕಣಣ್ಣ."

ಅವನು ಎದೆ ತುಂಬ ಉಸಿರೆಳೆದುಕೊಂಡು ಇಳಿದ. ಮೇಲಿನವರೂ ಉಸಿರು ಬಿಗಿಹಿಡಿದರು. ಹಗ್ಗ ಎರಡು ಸಲ ಜಗ್ಗಿತು. ಆರು ಜನ ಸೇರಿ ಎಳೆದರು. ನೀಲಕಂಠಸ್ವಾಮಿ ನೀಲಿ ಮುಖ ಹೊತ್ತು ಮೇಲೆ ಬಂದ, ಮುಖಕ್ಕೆ ನೀರು ಬಿತ್ತು, ಒಮ್ಮೆ ಬಿಕ್ಕಳಿಸಿ ಕೆಮ್ಮಿದ.

ಕೂಗು ಎದ್ದಿತು. ಮಹದೇವಪ್ಪನ ಕೈ ಗಂಟಿನ ಮೇಲಿತ್ತು, ಅದು ನಿಜ. ಗುಡಿಯ ಅಯ್ಯನವರು ಗುರುಮಲ್ಲಯ್ಯ ಕೂಗಿದರು: "ಗಂಟು ಮುಟ್ಟಬ್ಯಾಡ್ರೋ! ಬಸವಣ್ಣನ ಮುಂದೆ, ಬಸವಣ್ಣನ ಮುಂದೆ!" ನಾಲ್ಕು ಜನ ಅಳಿಯನನ್ನು ಎತ್ತಿಕೊಂಡರು. ಆಗ ಪಟೇಲರು ಮಹದೇವಪ್ಪನ ಎರಡೂ ಕೈ ಹಿಡಿದುಕೊಂಡರು. ಹುಟ್ಟಿದಾಗಿನಿಂದ ಆ ಮನೆಯ ಅಂಗಳದಲ್ಲಿ ದುಡಿದವನು. ಅವರು ಅವನನ್ನು ಮುಟ್ಟಿದ್ದು ಅದೇ ಮೊದಲು.

"ಮಾದೇವ, ನನ್ ಮಗ್ಳ ತಾಳಿ ಉಳಿಸ್ದೆ ಕಣ್ಲಾ! ನಿನ್ ಕೈ ಚಿನ್ನದ ಕೈ ಕಣ್ಲಾ!"

ಜನ ಗುಡಿಯ ಕಡೆ ನುಗ್ಗಿದರು. ಪಟೇಲರು ಅವನ ಕೈ ಬಿಡಲಿಲ್ಲ. ಅವನು ಬಿಡಿಸಿಕೊಳ್ಳಲಿಲ್ಲ. ಹಗ್ಗದ ಒಂದು ತುದಿ ಅಳಿಯನ ಸೊಂಟದಲ್ಲಿ, ಇನ್ನೊಂದು ಅವನ ಹೆಗಲ ಮೇಲೆ. ದಾರಿಯ ಎರಡೂ ಕಡೆಯವರು ಅವನ ಬೆನ್ನು ತಟ್ಟಿದರು. ಮಾದಣ್ಣ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅವನಿಗೆ ಯಾವಾಗಲೂ ಇನ್ನೊಂದು ಹಗ್ಗ ಇರುತ್ತಿತ್ತಲ್ಲ. ಮಹದೇವಪ್ಪನಿಗೆ ಕೂಡ, ಹೇಳಬಾರದು, ಅಷ್ಟು ದೂರ ನಡೆದದ್ದು ಬಹಳ ಹಿತವಾಗಿತ್ತು.

ಗುಡಿಯ ಮುಂದೆ ಕಾಯಿ ಒಡೆದ ಸದ್ದಿಗೆ ಅವನಿಗೆ ಎಚ್ಚರವಾಯಿತು. ಹಗ್ಗ ಕಿತ್ತುಕೊಂಡು ಓಡಿದ. ಹಗೇವಿನ ಬಾಯಿಗೆ ಇಳಿಬಿಟ್ಟು ಕೂಗಿದ. ಹಗ್ಗ ನೆಟ್ಟಗೆ ನೇತಾಡುತ್ತಿತ್ತು. ಅದನ್ನು ಯಾರೂ ಜಗ್ಗಲಿಲ್ಲ.

*

ಮಧ್ಯಾಹ್ನ ತಿರುಗಿದ ಹೊತ್ತಿಗೆ ಚಟ್ಟ ಸಿದ್ಧವಾಯಿತು. ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರಕ್ಕೆ ತಟ್ಟೆ ತಂದಿಟ್ಟರು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಗಾಡಿಯ ಸದ್ದಾಯಿತು. ಪಟೇಲರ ಗಾಡಿ ಹೊಡೆಯುವ ರಂಗನಾಯಕ ಅರಿಶಿನ ಮಾರಿ ಚಾಮರಾಜನಗರದಿಂದ ಬಂದಿದ್ದ. ಎರಡು ದಿನ ಊರಲ್ಲಿ ಇರದವನಿಗೆ ಏನೂ ಗೊತ್ತಿರಲಿಲ್ಲ. ಹಗ್ಗದ ಸುತ್ತನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ಅಂಗಳಕ್ಕೇ ಬಂದ.

"ಮಾದಣ್ಣಾ, ತಗೋ ನಿನ್ ಅಗ್ಗವ. ಏನ್ ಅಗ್ಗ ಅಂತೀಯ! ಒಂದ್ ಮೂಟೆ ಅಲ್ಲಾಡ್ನಿಲ್ಲ—" ಎಂದವನು ಜನರನ್ನು ನೋಡಿದ, ಕೂತವನನ್ನು ನೋಡಿದ. ಹಗ್ಗ ಅವನ ಹೆಗಲಿನಿಂದ ಜಾರಿತು.

ಅರಿಶಿನದ ಪುಡಿ ಹತ್ತಿ ಹಗ್ಗ ಹಳದಿಯಾಗಿತ್ತು. ಸೋಮಮ್ಮ ಅದನ್ನೇ ನೋಡುತ್ತಿದ್ದಳು. "ಇದ್ಯಾಕೆ ಗಾಡೀಲಿ ಓಗಿತ್ತು?" ಎಂದಳು.

ಚಾಮುಂಡಿ ಅಕ್ಕಿಯ ತಟ್ಟೆಯನ್ನು ಅವಳ ಮುಂದೆ ಹಿಡಿದಳು. "ಮೊದ್ಲು ನೀನಾಕು ಸೋಮಕ್ಕ. ಒತ್ತಾಯ್ತದೆ."

"ನನ್ ಅಕ್ಕಿ ಇವ್ನಿಗೆ ಬ್ಯಾಡ," ಎಂದಳು ಸೋಮಮ್ಮ. "ಮಾತು ಮುರ್ದೋನಿಗೆ ನಾನ್ಯಾಕೆ ಆಕ್ಲಿ? ನೀವೇ ಆಕಿ."

ಹೆಂಗಸರು ಗಾಬರಿಯಾದರು. ಹೆಂಡತಿ ಅಕ್ಕಿ ಹಾಕದೆ ಹೆಣ ಎತ್ತುವುದುಂಟೆ? ಮಹದೇವಪ್ಪ ಜನರ ನಡುವಿನಿಂದ ಮುಂದೆ ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ.

"ಆಕು ಅಕ್ಕ. ಮಾತು ಮುರೀನಿಲ್ಲ ಅವ್ನು. ದೀಪ ಇಳಿಸ್ದ. ಒಂದ್ಸಲ ಅಲ್ಲ, ಎರಡ್ಸಲ."

"ಮಾದೇವ!" ಎಂದರು ಪಟೇಲರು. "ದಫೇದಾರ್ರು ಬರ್ಕಂಡು ಓಗವ್ರೆ. ದುಕ್ಕದಲ್ಲಿ ಏನೇನೋ ಆಡ್ಬ್ಯಾಡ."

"ಅವ್ರು ಬರ್ಕಂಡಿದ್ದು ನನ್ ಸುಳ್ಳು ಬುದ್ಧಿ." ಅವನು ಪಟೇಲರ ಕಡೆ ತಿರುಗಲಿಲ್ಲ. "ದೀಪ ಆರೋಯ್ತು ಅಕ್ಕ. ನೋಡೇ ಇಳ್ದ."

ಸೋಮಮ್ಮ ಅವನ ಕಡೆ ತಿರುಗಿದಳು. "ಆರೋದ್ರೂ ಇಳ್ದ?"

"ಇಳ್ದ."

"ಇಳಿಸ್ತೀನಿ ಅಂತ ತಾನೆ ಮಾತು ಕೊಟ್ಟಿದ್ದು. ಆರುದ್ರೆ ಇಳಿಯಕಿಲ್ಲ ಅಂತ ನಾನೂ ಕೇಳ್ನಿಲ್ಲ ನೋಡು." ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಬಲೇ ಘಾಟಿ. ಮಾತು ಉಳಿಸ್ಕಂಡ."

"ಇನ್ನೂ ಅದೆ ಅಕ್ಕ," ಎಂದ ಮಹದೇವಪ್ಪ. ಎರಡನೆಯ ಹಗ್ಗ ಕೊಟ್ಟದ್ದು ತಾನು ಎಂದ. ಗಂಟು ಅಲ್ಲೇ ಬಿಚ್ಚು ಎಂದು ಮಾದಣ್ಣ ತನ್ನೊಬ್ಬನಿಗೇ ಹೇಳಿದ್ದ ಎಂದ. ಪಟೇಲರು ಕೈ ಹಿಡಿದದ್ದು, ಬೆನ್ನು ತಟ್ಟಿಸಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಗುರುಮಲ್ಲಯ್ಯನವರು ಕಂಬಕ್ಕೆ ಆತುಕೊಂಡು ಕಣ್ಣು ಮುಚ್ಚಿದರು. ತಾನು ಬೆನ್ನು ತಟ್ಟಿದೆ, ತಾನು ಕೂಗಿದೆ, ತಾನು ಹೊತ್ತೆ ಎಂದು ಅಂಗಳದಲ್ಲಿದ್ದ ಪ್ರತಿಯೊಬ್ಬನೂ ತನ್ನ ಪಾಲನ್ನು ನೆನೆದುಕೊಂಡ.

"ಎಷ್ಟೊತ್ತು?" ಎಂದಳು ಸೋಮಮ್ಮ.

"ಕಾಯಿ ಒಡ್ಯೋ ತಂಕ."

"ಅಷ್ಟೊತ್ತು ಕಾದ್ನ ಅಲ್ಲಿ? ನೀನು ಬತ್ತೀಯ ಅಂತ?"

ಮಹದೇವಪ್ಪ ನೆಲಕ್ಕೆ ಹಣೆ ಹಚ್ಚಿ ಅತ್ತ. ಸೋಮಮ್ಮ ಅವನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ತಟ್ಟೆಯಿಂದ ಅಕ್ಕಿ ತೆಗೆದುಕೊಂಡಳು. ಗಂಡನ ಗಲ್ಲ ಹಿಡಿದು ಮೂರು ಸಲ ತುಟಿಗೆ ಮುಟ್ಟಿಸಿ ಹಾಕಿದಳು. ಬೆಳಗಿನಿಂದ ಬೈದಿದ್ದ ಬಾಯಿಯಿಂದಲೇ, "ತಪ್ಪಾಯ್ತು ಕಣೋ" ಎಂದಳು.

*

ಹುಣಸೆ ಮರದ ಪಕ್ಕದ ಅವರ ತುಂಡು ಹೊಲದಲ್ಲಿ ಗುಂಡಿ ತೋಡಿದ್ದರು. ಎದೆಮಟ್ಟ ಸಾಕು ಎಂದು ಯಾರೋ ಅಂದಿದ್ದರು. ತೋಡಿದವರು ಕೇಳದೆ ತಲೆಮಟ್ಟ ಇಳಿಸಿದ್ದರು. ತಮಟೆ ನಿಂತಿತು. ಚಟ್ಟ ಇಳಿಸಿದ ಮೇಲೆ ಎಲ್ಲರೂ ಗುಂಡಿಯ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಹೆಣವನ್ನು ಕೆಳಗಿನಿಂದ ಹಿಡಿದು ಮಲಗಿಸಲು ಒಬ್ಬ ಇಳಿಯಬೇಕು. ಇಷ್ಟು ವರ್ಷ ಆ ಕೇರಿಯಲ್ಲಿ ಯಾರೇ ಸತ್ತರೂ ಇಳಿಯುತ್ತಿದ್ದವನು ಮಾದಣ್ಣನೇ. ಬೇರೆ ಯಾರು ಇಳಿಯಬೇಕೆಂದು ಯಾರೂ ಎಂದೂ ಯೋಚಿಸಿರಲಿಲ್ಲ.

"ಮಾದೇವ ಇಳೀಲಿ," ಎಂದಳು ಸೋಮಮ್ಮ.

ಮಹದೇವಪ್ಪ ಅಂಗಿ ತೆಗೆದಿಟ್ಟು ಇಳಿದ. ಒಳಗೆ ಮಣ್ಣು ತಣ್ಣಗಿತ್ತು. ಮೇಲಿನಿಂದ ಮೆಲ್ಲಗೆ ಇಳಿಬಿಟ್ಟ ದೇಹವನ್ನು ಅವನು ಎರಡೂ ತೋಳಲ್ಲಿ ತೆಗೆದುಕೊಂಡ. ಇಪ್ಪತ್ತು ವರ್ಷ ಹಗ್ಗದ ಈ ತುದಿಯಿಂದ ಆ ಭಾರವನ್ನು ತೂಗಿದ್ದವನು, ಮೈಗೆ ಒತ್ತಿ ಹಿಡಿದದ್ದು ಅಂದೇ. ತಲೆ ದಕ್ಷಿಣಕ್ಕೆ ಮಾಡಿ ಮಲಗಿಸಿದ. ಕೈಗಳನ್ನು ನೆಟ್ಟಗೆ ಇಟ್ಟ. ಪಂಚೆಯ ಅಂಚು ಸರಿಮಾಡಿದ. ಮುಖದ ಮೇಲೆ ಬಟ್ಟೆ ಎಳೆದ. ಮಾಡಲು ಇನ್ನೇನೂ ಉಳಿದಿರಲಿಲ್ಲ, ಆದರೂ ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದ.

"ಬಾ ಮಾದೇವ, ಮೇಲಕ್ ಬಾ," ಎಂದಿತು ಒಂದು ದನಿ.

ಅವನು ಎದ್ದು ನಿಂತು ತಲೆಯೆತ್ತಿದ. ಆಕಾಶ ಅಷ್ಟಾಗಿ ಕಾಣಲಿಲ್ಲ. ಗುಂಡಿಯ ಅಂಚಿನ ಸುತ್ತ ಮೊಣಕಾಲೂರಿ, ಹೊಟ್ಟೆಯ ಮೇಲೆ ಮಲಗಿ, ಒಬ್ಬರ ಮೇಲೊಬ್ಬರು ಬಾಗಿ, ಊರೇ ಕೈ ಚಾಚಿತ್ತು. ರಂಗನಾಯಕನ ಕೈ, ಗುರುಮಲ್ಲಯ್ಯನವರ ಕೈ, ನಿನ್ನೆ ಅಳಿಯನನ್ನು ಹೊತ್ತ ನಾಲ್ವರ ಕೈ, ಉಂಗುರ ತೊಟ್ಟ ಪಟೇಲರ ಕೈ. "ನನ್ ಕೈ ಇಡ್ಕೊ, ಇಡ್ಕೊಳ್ಲಾ," ಎಂದು ಎಲ್ಲರೂ ಒಟ್ಟಿಗೆ ಕರೆಯುತ್ತಿದ್ದರು. ಅಷ್ಟೊಂದು ಕೈಗಳ ಕೆಳಗೆ ಮಹದೇವಪ್ಪ ತನ್ನ ಕೈ ಎತ್ತಲಾರದೆ ನಿಂತೇ ಇದ್ದ.